ಸಣ್ಣ ಕ್ರೈಸ್ತಸಭೆಗಳ ಲೋಕಸೇವೆ: ದಕ್ಷಿಣ ಕನ್ನಡದ ಒಂದು ನಿದರ್ಶನ

ಕನ್ನಡನಾಡಿನ ಪ್ರಾಟೆಸ್ಟಂಟ್ ಕ್ರೈಸ್ತರ ಮಾತಿನಲ್ಲಿ ‘ಸಭೆ’ ಎಂಬ ಪದಕ್ಕೆ ವಿಶಿಷ್ಟವಾದ ಅರ್ಥವಿದೆ. ಆರಾಧನೆಗಾಗಿ ಕಟ್ಟಿದ ಮಂದಿರವನ್ನು ಅವರು ದೇವಾಲಯವೆನ್ನುತ್ತಾರೆ. ಕರಾವಳಿಯ ಕಥೋಲಿಕರು ಪೋರ್ಚುಗೀಸ್ ಮೂಲದ ಇಗರ್ಜಿ ಎಂಬ ಮಾತನ್ನು ಬಳಸುತ್ತಾರೆ. ಸಭೆಯೆಂದರೆ ಕಟ್ಟಡವಲ್ಲ, ಅಲ್ಲಿ ಕೂಡುವ ಜನ. ಈ ಭೇದವನ್ನು ಮೊದಲಲ್ಲಿಯೇ ಮನಸ್ಸಿನಲ್ಲಿಟ್ಟುಕೊಳ್ಳುವುದು ಅವಶ್ಯಕ. ಏಕೆಂದರೆ ಕ್ರೈಸ್ತರ ಸಮಾಜಸೇವೆಯನ್ನು ಕುರಿತು ನಡೆಯುವ ಚರ್ಚೆಗಳಲ್ಲಿ ಕಟ್ಟಡಗಳೂ ಸಂಸ್ಥೆಗಳೂ ಎದ್ದು ಕಾಣುತ್ತವೆ. ಅವುಗಳ ಹಿಂದಿದ್ದ ಜನ ಮರೆಯಾಗುತ್ತಾರೆ.

ಸಂಖ್ಯೆಯಲ್ಲಿ ಅಲ್ಪವಾದ, ಧನಬಲವಿಲ್ಲದ ಒಂದು ಸಭೆ ತನ್ನ ಅಳತೆಯನ್ನು ಮೀರಿ ಸುತ್ತಣ ಸಮಾಜಕ್ಕೆ ಪ್ರಯೋಜನಕಾರಿಯಾದುದು ಹೇಗೆ? ಈ ಪ್ರಶ್ನೆಗೆ ಸಾಮಾನ್ಯವಾಗಿ ಎರಡು ಉತ್ತರಗಳು ದೊರೆಯುತ್ತವೆ. ಪರದೇಶದ ಹಣದಿಂದ ಎಂಬುದು ಒಂದು. ಮತಪ್ರಚಾರಕ್ಕೆ ಸೇವೆ ಒಂದು ಸಾಧನವಾಗಿತ್ತು ಎಂಬುದು ಇನ್ನೊಂದು. ಎರಡರಲ್ಲಿಯೂ ಸತ್ಯಾಂಶವಿದೆ. ಆದರೆ ಎರಡೂ ಕೊಡುವವರ ಕಡೆಯಿಂದ ನೋಡಿದ ನೋಟಗಳು. ಸಭೆಯ ಜನರ ಕಡೆಯಿಂದ ನೋಡಿದರೆ ಮೂರನೆಯ ಒಂದು ಕಾರಣ ತೋರುತ್ತದೆ: ಸಭೆಯ ಸೇವೆ ಹುಟ್ಟಿದ್ದು ಅದರ ಸಮೃದ್ಧಿಯಿಂದಲ್ಲ, ಅದರ ಕೊರತೆಯಿಂದ. ಇದನ್ನು ದಕ್ಷಿಣ ಕನ್ನಡದ ಬಾಸೆಲ್ ಮಿಶನ್ ಸಭೆಗಳ ನಿದರ್ಶನದಿಂದ ವಿವರಿಸುವುದು ನಮ್ಮ ಉದ್ದೇಶ.

ಬಾಸೆಲ್ ಮಿಶನ್ ಸಂಘ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಸ್ಥಾಪಿತವಾಯಿತು. ಈಸ್ಟ್ ಇಂಡಿಯಾ ಕಂಪನಿಯ ಸನ್ನದು 1833ರಲ್ಲಿ ನವೀಕರಣಗೊಂಡಾಗ ಬ್ರಿಟಿಷರಲ್ಲದ ಮಿಶನರಿಗಳಿಗೂ ಇಲ್ಲಿ ನೆಲೆಸಲು ದಾರಿಯಾಯಿತು. ಮರುವರ್ಷವೇ, ಎಂದರೆ 1834ರ ಅಕ್ಟೋಬರಿನಲ್ಲಿ, ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದರು. ಮುಂದಿನ ಕೆಲವು ವರ್ಷಗಳಲ್ಲಿ ಧಾರವಾಡ, ಹುಬ್ಬಳ್ಳಿ, ಬೆಟಗೇರಿಗಳಲ್ಲಿಯೂ ಕೇಂದ್ರಗಳು ಏರ್ಪಟ್ಟವು. ಎಲ್ಲೆಡೆಯೂ ಸಭೆಗಳು ಚಿಕ್ಕವಾಗಿಯೇ ಉಳಿದುವು.

ತುಳುನಾಡಿನಲ್ಲಿ ಈ ಸಭೆಗಳಿಗೆ ಸೇರಿದವರಲ್ಲಿ ಬಿಲ್ಲವರು ಹೆಚ್ಚಿನ ಸಂಖ್ಯೆಯಲ್ಲಿದ್ದರು. ಮೂರ್ತೆ, ಎಂದರೆ ಕಳ್ಳು ಇಳಿಸುವುದು, ಅವರಲ್ಲಿ ಅನೇಕರ ಕಸುಬು. ಮಿಕ್ಕಂತೆ ಗೇಣಿಯ ಬೇಸಾಯ. ಮತಾಂತರ ಹೊಂದಿದವನಿಗೆ ಈ ಎರಡು ದಾರಿಗಳೂ ಕಷ್ಟವಾದುವು. ಕಳ್ಳಿನ ಕಸುಬನ್ನು ಮಿಶನ್ ಒಪ್ಪುತ್ತಿರಲಿಲ್ಲ. ಚಾಲಗೇಣಿಯ ಒಕ್ಕಲನ್ನು ಧಣಿ ಬಿಡಿಸಬಹುದಾಗಿತ್ತು. ಅಳಿಯಸಂತಾನದ ಕುಟುಂಬದಲ್ಲಿ ಜಾತಿಯಿಂದ ಹೊರಗಾದವನಿಗೆ ಪಾಲೂ ಇಲ್ಲ, ಆಸರೆಯೂ ಇಲ್ಲ. 1850ರ ಇಪ್ಪತ್ತೊಂದನೆಯ ಕಾಯಿದೆ ಮತಾಂತರದಿಂದ ಆಸ್ತಿಯ ಹಕ್ಕು ನಷ್ಟವಾಗತಕ್ಕದ್ದಲ್ಲವೆಂದು ವಿಧಿಸಿತು. ಆದರೆ ಕಾಯಿದೆ ಹಕ್ಕನ್ನು ಉಳಿಸಬಲ್ಲುದೇ ಹೊರತು ಒಂದೇ ಒಲೆಯ ಮುಂದೆ ಕೂತು ಉಣ್ಣುವ ಬಾಂಧವ್ಯವನ್ನು ಉಳಿಸಲಾರದು. ಹೀಗೆ ಹೊಸ ಸಭೆಗೆ ಎದುರಾದ ಮೊದಲ ಸಮಸ್ಯೆ ದೇವತಾಶಾಸ್ತ್ರದ್ದಲ್ಲ, ಅನ್ನದ್ದು.

ಈ ಸಮಸ್ಯೆಯ ಪರಿಹಾರಕ್ಕಾಗಿ ಹಲವು ಪ್ರಯೋಗಗಳು ನಡೆದುವು. ಬೇಸಾಯ, ಬಡಗಿ ಕೆಲಸ, ಗಡಿಯಾರದ ಕೆಲಸ ಮುಂತಾದುವುಗಳಲ್ಲಿ ಕೆಲವು ಕೈಗೂಡಲಿಲ್ಲ. 1851ರಲ್ಲಿ ಬಂದ ಹಾಲರ್ ಎಂಬಾತ ನೇಯ್ಗೆಯ ಕಾರ್ಖಾನೆಯನ್ನು ಬೆಳೆಸಿದನು. ಖಾಕಿ ಬಣ್ಣದ ಬಟ್ಟೆಯೊಡನೆ ಆತನ ಹೆಸರು ಇಂದಿಗೂ ಜೋಡಿಕೊಂಡಿದೆ. ಉದ್ಯಮಗಳ ಮೇಲ್ವಿಚಾರಣೆಗೂ ವ್ಯಾಪಾರಕ್ಕೂ ಬೇರೆ ಏರ್ಪಾಡು ಅಗತ್ಯವೆಂದು ತೋರಿ, 1859ರಲ್ಲಿ ಮಿಶನಿನ ವ್ಯಾಪಾರಸಂಘವೊಂದು ಬಾಸೆಲಿನಲ್ಲಿ ರೂಪುಗೊಂಡಿತು.

ಇವುಗಳಲ್ಲೆಲ್ಲ ಹೆಚ್ಚು ಫಲಕಾರಿಯಾದದ್ದು ಹೆಂಚಿನ ಕೆಲಸ. ಜಾರ್ಜ್ ಪ್ಲೆಬ್ಸ್ಟ್ ಎಂಬಾತ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದನು. ನೇತ್ರಾವತಿ ಮತ್ತು ಗುರುಪುರ ನದಿಗಳ ಬಯಲಿನಲ್ಲಿ ಅಂಟುಳ್ಳ ಒಳ್ಳೆಯ ಜೇಡಿಮಣ್ಣು ದೊರೆಯುತ್ತಿತ್ತು. ಮಣ್ಣನ್ನೂ ಸೌದೆಯನ್ನೂ ದೋಣಿಯಲ್ಲಿ ತರಲು ಹೊಳೆಯೇ ದಾರಿ. ಸಿದ್ಧವಾದ ಹೆಂಚನ್ನು ಹಡಗಿನಲ್ಲಿ ಕಳುಹಿಸಲು ಬಂದರು ಸಮೀಪ. ಮಣ್ಣನ್ನು ಹದಮಾಡಿ, ಅಚ್ಚಿನಲ್ಲಿ ಒತ್ತಿ, ನೆರಳಿನಲ್ಲಿ ಒಣಗಿಸಿ, ಆವಿಗೆಯಲ್ಲಿ ಸುಡುವುದು ಕ್ರಮ. ಅಂಚುಗಳು ಒಂದಕ್ಕೊಂದು ಸಿಕ್ಕಿಕೊಳ್ಳುವಂತೆ ಮಾಡಿದ ಈ ಚಪ್ಪಟೆ ಹೆಂಚು ಕರಾವಳಿಯ ಬಿರುಮಳೆಯನ್ನು ತಡೆಯುತ್ತಿತ್ತು. ಮುಳಿಹುಲ್ಲಿನ ಮಾಡನ್ನು ಆಗಾಗ ಹೊಸದಾಗಿ ಹೊದಿಸಬೇಕು. ಅದಕ್ಕೆ ಬೆಂಕಿಯ ಭಯ ಬೇರೆ. ಹೆಂಚಿನ ಮಾಡು ಈ ಎರಡು ಕಷ್ಟಗಳನ್ನೂ ತಗ್ಗಿಸಿತು.

ನಮ್ಮ ವಿಷಯಕ್ಕೆ ಮುಖ್ಯವಾದದ್ದು ಮುಂದಿನ ಸಂಗತಿ. ಜೆಪ್ಪುವಿನ ಕಾರ್ಖಾನೆ ಆರಂಭವಾದ ಮೂರು ವರ್ಷಗಳಲ್ಲಿ, 1868ರಲ್ಲಿ, ಪಾಣೆಮಂಗಳೂರಿನಲ್ಲಿ ಆಲ್ಬುಕರ್ಕ್ ಮನೆತನದವರು ತಮ್ಮದೇ ಆದ ಹೆಂಚಿನ ಕಾರ್ಖಾನೆಯನ್ನು ತೆರೆದರು. ಕಾಲಕ್ರಮದಲ್ಲಿ ಬೇರೆ ಬೇರೆ ಮತಗಳ ಉದ್ಯಮಿಗಳು ಅದೇ ದಾರಿಯನ್ನು ಹಿಡಿದರು. ಬಾಸೆಲ್ ಮಿಶನಿನ ಕಾರ್ಖಾನೆಗಳು ಕುದ್ರೋಳಿ, ಮಲ್ಪೆ, ಕಲ್ಲಿಕೋಟೆ, ಫರೋಕ್, ಪಾಲಘಾಟುಗಳಿಗೂ ಹಬ್ಬಿದುವು. ‘ಮಂಗಳೂರು ಹೆಂಚು’ ಎಂಬ ಹೆಸರು ಸಮುದ್ರದಾಚೆಗೂ ಹೋಯಿತು. ಕೆಲವೇ ಕುಟುಂಬಗಳ ಹೊಟ್ಟೆಪಾಡಿಗಾಗಿ ತೊಡಗಿದ ಒಂದು ಕಸುಬು ಒಂದು ಪ್ರಾಂತದ ಮನೆಗಳ ರೂಪವನ್ನೇ ಬದಲಾಯಿಸಿತು. ಕಾಂಕ್ರೀಟಿನ ತಾರಸಿ ಬಂದ ಮೇಲೆ ಈ ಉದ್ಯಮ ಬಹುಮಟ್ಟಿಗೆ ಕ್ಷೀಣಿಸಿದ್ದರೂ ಹಳೆಯ ಮಾಡುಗಳು ಇನ್ನೂ ಸಾಕ್ಷಿಯಾಗಿ ನಿಂತಿವೆ.

ಶಾಲೆ ಮತ್ತು ಮುದ್ರಣಗಳ ಕಥೆಯೂ ಇದೇ ಬಗೆಯದು. ಅದನ್ನು ವಿದ್ವಾಂಸರು ವಿಸ್ತಾರವಾಗಿ ಬರೆದಿರುವುದರಿಂದ ಇಲ್ಲಿ ಸೂಚಿಸಿದರೆ ಸಾಕು. ಓದು ಬರಹ ಬಲ್ಲ ಸಭಿಕರು ಬೇಕೆಂದು ಶಾಲೆ ಬಂತು. ಓದಲು ಪುಸ್ತಕ ಬೇಕೆಂದು 1841ರಲ್ಲಿ ಕಲ್ಲಚ್ಚಿನ ಮುದ್ರಣಾಲಯ ಬಂತು. ಆ ಮುದ್ರಣಾಲಯದಿಂದಲೇ 1843ರಲ್ಲಿ ಮೋಗ್ಲಿಂಗನ ಸಂಪಾದಕತ್ವದಲ್ಲಿ ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ ಹೊರಟಿತು. 1848ರಿಂದ ಮೊದಲ್ಗೊಂಡು ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಅಚ್ಚಾದುವು. 1894ರಲ್ಲಿ ಕಿಟ್ಟೆಲರ ನಿಘಂಟು ಪ್ರಕಟವಾಯಿತು. ಸಭೆಗೆಂದು ತಂದ ಉಪಕರಣ ಸಭೆಯ ಮೇರೆಯನ್ನು ದಾಟಿ ನಾಡಿನ ಸ್ವತ್ತಾಯಿತೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಇಷ್ಟನ್ನೇ ಹೇಳಿ ಮುಗಿಸಿದರೆ ಇದು ಪ್ರಶಂಸೆಯಾದೀತು, ವಿವೇಚನೆಯಾಗಲಾರದು. ಈ ಏರ್ಪಾಡಿನೊಳಗೆ ಒಂದು ಕಠಿನವಾದ ಗಂಟೂ ಇತ್ತು. ಕಾರ್ಖಾನೆಯಲ್ಲಿ ಕೂಲಿ ಕೊಡುವವರು, ವಾಸಕ್ಕೆ ಮನೆ ಒದಗಿಸುವವರು, ಮಕ್ಕಳಿಗೆ ಶಾಲೆ ನಡೆಸುವವರು, ಭಾನುವಾರ ಉಪದೇಶ ಹೇಳಿ ಸಭೆಯ ಶಿಸ್ತನ್ನು ಕಾಯುವವರು ಎಲ್ಲರೂ ಒಂದೇ ಮಿಶನಿಗೆ ಸೇರಿದವರು. ಧಣಿಯೂ ಗುರುವೂ ಒಂದೇ ಆದಾಗ ಆಳಿನ ಭಕ್ತಿಯಲ್ಲಿ ಭಯವೆಷ್ಟು, ವಿಶ್ವಾಸವೆಷ್ಟು ಎಂದು ವಿಂಗಡಿಸುವುದು ಆಳಿಗೇ ಕಷ್ಟ. ಸಭೆಯ ಹಿರಿಯರನ್ನು ಸಭಿಕರೇ ಆರಿಸುವ ಪದ್ಧತಿಯಿದ್ದರೂ, ಹಿರಿಯನಾದವನು ವಾರದ ಆರು ದಿನಗಳಲ್ಲಿ ಅದೇ ಮಿಶನಿನ ಕೂಲಿಯಾಳಾಗಿದ್ದರೆ ಏಳನೆಯ ದಿನ ಅವನ ಮಾತಿಗೆ ಎಷ್ಟು ಸ್ವಾತಂತ್ರ್ಯ ಉಳಿದೀತು?

ಈ ಅಪಾಯ ಆ ಕಾಲದವರಿಗೆ ತಿಳಿಯದೆ ಇರಲಿಲ್ಲ. ಇಂಗ್ಲೆಂಡಿನ ಹೆನ್ರಿ ವೆನ್ ಮತ್ತು ಅಮೆರಿಕದ ರೂಫಸ್ ಆಂಡರ್ಸನ್ ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿಯೇ ಒಂದು ತತ್ತ್ವವನ್ನು ಮುಂದಿಟ್ಟಿದ್ದರು: ದೇಶೀಯ ಸಭೆ ತನ್ನ ವೆಚ್ಚವನ್ನು ತಾನೇ ಭರಿಸಬೇಕು, ತನ್ನ ಆಡಳಿತವನ್ನು ತಾನೇ ನಡೆಸಬೇಕು, ತನ್ನ ಪ್ರಸಾರವನ್ನು ತಾನೇ ಮಾಡಬೇಕು. ತತ್ತ್ವ ಸರಳ, ಆದರೆ ಉದ್ಯಮದ ಲಾಭದಿಂದ ಮಿಶನಿನ ಕಾರ್ಯಕ್ಕೆ ನೆರವು ದೊರೆಯುತ್ತಿರುವಲ್ಲಿ ಸಭಿಕರ ಕಾಣಿಕೆಯ ಕಾಸಿಗೆ ಯಾರು ಕಾಯುತ್ತಾರೆ?

ಇದರ ಪರೀಕ್ಷೆ 1914ರಲ್ಲಿ ಬಂತು. ಮೊದಲ ಮಹಾಯುದ್ಧ ಆರಂಭವಾದೊಡನೆ ಜರ್ಮನ್ ಮಿಶನರಿಗಳು ಶತ್ರುದೇಶದವರೆಂದು ಬಂಧನಕ್ಕೊಳಗಾಗಿ, ಕ್ರಮೇಣ ದೇಶವನ್ನು ಬಿಡಬೇಕಾಯಿತು. ಹೆಂಚಿನ ಮತ್ತು ನೇಯ್ಗೆಯ ಕಾರ್ಖಾನೆಗಳು ಸರಕಾರದ ಹತೋಟಿಗೆ ಹೋಗಿ, ಯುದ್ಧಾನಂತರ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಸಂಸ್ಥೆಯ ವಶವಾದುವು. ಧಣಿ, ಗುರು ಎಂಬ ಎರಡು ಸ್ಥಾನಗಳು ಹೀಗೆ ಬೇರೆಬೇರೆಯಾದುವು. ಆದರೆ ವಿವೇಕದಿಂದಲ್ಲ, ಯುದ್ಧದಿಂದ. ಸಭೆಗಳಾದರೋ ಕರಗಿ ಹೋಗಲಿಲ್ಲ. ದೇಶೀಯ ಸಭಾಪಾಲಕರೂ ಉಪದೇಶಿಗಳೂ ಹಿರಿಯರೂ ಅವುಗಳನ್ನು ನಡೆಸಿಕೊಂಡು ಬಂದರು. 1947ರಲ್ಲಿ ದಕ್ಷಿಣ ಇಂಡಿಯಾ ಸಭೆ ಏರ್ಪಟ್ಟ ಬಳಿಕ ಕಾಲಾನಂತರದಲ್ಲಿ ದಕ್ಷಿಣ ಕನ್ನಡದ ಈ ಸಭೆಗಳೂ ಅದರೊಳಗೆ ಸೇರಿದುವು.

ಉಳಿಸಿದ ಶಕ್ತಿ ಯಾವುದು? ನಮಗೆ ತೋರುವಂತೆ, ದಾಖಲೆಗಳಲ್ಲಿ ಎದ್ದು ಕಾಣದ ಸಣ್ಣ ಕೆಲಸಗಳು. ಭಾನುವಾರದ ಶಾಲೆಯಲ್ಲಿ ಮಕ್ಕಳನ್ನು ಕೂರಿಸಿ ಓದಿಸುವ ಉಪದೇಶಿ, ಮನೆಯಿಂದ ಮನೆಗೆ ಹೋಗಿ ಹೆಂಗಸರಿಗೆ ಅಕ್ಷರ ಕಲಿಸುವ ಬೈಬಲ್ ಸ್ತ್ರೀ, ಕಾಯಿಲೆಯವರ ಬಳಿ ರಾತ್ರಿ ಎಚ್ಚರವಿರುವ ನೆರೆಯವರು, ಬೆಳೆಯ ಮೊದಲ ಫಲವನ್ನು ತಂದೊಪ್ಪಿಸುವ ಒಕ್ಕಲು: ಇವರ ಕೆಲಸಕ್ಕೆ ಬಂಡವಾಳ ಬೇಕಿರಲಿಲ್ಲ, ಆದಕಾರಣ ಬಂಡವಾಳ ಹೋದಾಗ ಅದು ನಿಲ್ಲಲೂ ಇಲ್ಲ. ಇವರಲ್ಲಿ ಹೆಚ್ಚಿನವರ ಹೆಸರು ಯಾವ ಗ್ರಂಥದಲ್ಲಿಯೂ ಇಲ್ಲ.

ಈ ನಿದರ್ಶನದಿಂದ ಎರಡು ಮಾತುಗಳನ್ನು ನಿರ್ಣಯಿಸಬಹುದೆಂದು ತೋರುತ್ತದೆ. ಸಣ್ಣ ಸಭೆ ತನ್ನ ಕೊರತೆಯನ್ನು ನೀಗಿಸಿಕೊಳ್ಳಲು ಕಂಡುಕೊಂಡ ಉಪಾಯವನ್ನು ನೆರೆಯವರೂ ಕಲಿತು ತಮ್ಮದಾಗಿಸಿಕೊಳ್ಳುವಂತಿದ್ದಾಗ ಅದು ನಿಜವಾದ ಲೋಕಸೇವೆಯಾಯಿತು. ಹೆಂಚೂ ಅಚ್ಚಿನ ಮೊಳೆಯೂ ಇದಕ್ಕೆ ಸಾಕ್ಷಿ. ಅದೇ ಉಪಾಯ ಪಡೆಯುವವನನ್ನು ಕೊಡುವವನ ಹಂಗಿನಲ್ಲಿ ಕಟ್ಟಿಹಾಕಿದಾಗ ಸೇವೆ ಸಭೆಯನ್ನೇ ದುರ್ಬಲಗೊಳಿಸಿತು. ಈ ಎರಡು ಅಳತೆಗೋಲುಗಳು ಕ್ರೈಸ್ತಸಭೆಗೆ ಮಾತ್ರವಲ್ಲ, ಸೇವೆಯನ್ನು ಕೈಗೊಳ್ಳುವ ಯಾವ ಮಠಕ್ಕಾಗಲಿ ಸಂಘಕ್ಕಾಗಲಿ ಅನ್ವಯಿಸತಕ್ಕವು.

ಕೊನೆಯದಾಗಿ ವಿದ್ಯಾರ್ಥಿಗಳಿಗೆ ಒಂದು ಸೂಚನೆ. ಮಿಶನರಿಗಳ ವರದಿಗಳು ಬಾಸೆಲಿನ ಭಂಡಾರದಲ್ಲಿ ಸುರಕ್ಷಿತವಾಗಿವೆ. ಅವು ಕೊಡುವವರ ಮಾತು. ಪಡೆದವರ ಮಾತು ಸಿಕ್ಕಬೇಕಾದರೆ ಹಳೆಯ ಸಭೆಗಳಲ್ಲಿ ಜ್ಞಾನಸ್ನಾನ, ವಿವಾಹ, ಮರಣಗಳನ್ನು ಬರೆದಿಟ್ಟ ರಿಜಿಸ್ಟರುಗಳನ್ನೂ, ಕಾಣಿಕೆಯ ಲೆಕ್ಕದ ಪುಸ್ತಕಗಳನ್ನೂ, ಹಿರಿಯರ ಕೂಟದ ನಡವಳಿಗಳನ್ನೂ ನೋಡಬೇಕು. ಯಾವ ವರ್ಷ ಯಾವ ಕಸುಬಿನವನು ಎಷ್ಟು ಕಾಣಿಕೆ ಕೊಟ್ಟನೆಂಬ ಒಂದು ಸಾಲು, ಸಭೆಯ ಸ್ವಾವಲಂಬನೆಯನ್ನು ಕುರಿತು ನಾವು ಬರೆಯುವ ಹತ್ತು ಪುಟಗಳಿಗಿಂತ ಹೆಚ್ಚನ್ನು ಹೇಳೀತು. ಕರಾವಳಿಯ ತೇವ ಮತ್ತು ಗೆದ್ದಲುಗಳಿಗೆ ಇಂಥ ಕಾಗದ ಬಹುಕಾಲ ತಡೆಯಲಾರದು. ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು ತಂತಮ್ಮ ಊರಿನ ಸಭೆಯ ಅನುಮತಿಯನ್ನು ಪಡೆದು ಒಂದೊಂದು ಪುಸ್ತಕವನ್ನಾದರೂ ಪ್ರತಿ ಮಾಡಿಟ್ಟರೆ, ಮುಂದಿನ ಸಂಶೋಧಕರಿಗೆ ದೊಡ್ಡ ಉಪಕಾರವಾದೀತು.