ಹಳೆಯ ರಿವಾಲ್ವರು ಮತ್ತು ಮದ್ದಿನ ಮಿತಿ

ಕನ್ನಡದಲ್ಲಿ ಮದ್ದು ಎಂಬ ಒಂದೇ ಮಾತು ಔಷಧಕ್ಕೂ ಸಲ್ಲುತ್ತದೆ, ಬಂದೂಕಿಗೆ ತುಂಬುವ ಪುಡಿಗೂ ಸಲ್ಲುತ್ತದೆ. ಎರಡರಲ್ಲಿಯೂ ಪ್ರಮಾಣವೇ ಪ್ರಾಣ. ಇಂದಿನ ನನ್ನ ಮಾತು ಈ ಎರಡನೆಯ ಮದ್ದನ್ನು ಕುರಿತದ್ದು.

ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳ ನೆಲಕ್ಕೆ ಆಯುಧದ ನೆನಪು ಹೊಸದಲ್ಲ. ಹಾನಗಲ್ಲಿನ ವೀರಗಲ್ಲುಗಳಲ್ಲಿ ಬಿಲ್ಲು ಕತ್ತಿಗಳು ಇನ್ನೂ ಮಾಸಿಲ್ಲ. ಸವಣೂರು 1786ರಲ್ಲಿ ಟಿಪ್ಪುವಿನ ಸೇನೆಗೂ ಮರಾಠರ ಸೇನೆಗೂ ನಡುವೆ ಸಿಕ್ಕಿ ತೋಪುಗಳ ಸದ್ದನ್ನು ಕೇಳಿತು. ಕಲ್ಲಿನ ಕತ್ತಿ ಯಾರನ್ನೂ ಕೊಯ್ಯಲಾರದು. ಆದರೆ ಹಳೆಯ ವಾಡೆಯೊಂದರ ಪೆಟ್ಟಿಗೆಯಲ್ಲಿ ಅಜ್ಜನ ಕಾಲದ ರಿವಾಲ್ವರು ಉಳಿದಿದ್ದರೆ ಅದು ಬರಿಯ ನೆನಪಲ್ಲ. ಮದ್ದು ದೊರೆತೊಡನೆ ಮತ್ತೆ ಜೀವ ತಳೆಯುವ ಯಂತ್ರ. ಅದಕ್ಕೆ ತಕ್ಕ ಕಾಡತೂಸು ಸಿಗದಿದ್ದಾಗ, ಹಳೆಯ ಖಾಲಿ ಕವಚಗಳಿಗೇ ಮತ್ತೆ ಮದ್ದು ತುಂಬಿದರೇನು ಎಂಬ ಯೋಚನೆ ಸುಳಿಯುವುದು ಸಹಜ. ಆ ಯೋಚನೆಯ ಹಿಂದಿರುವ ಅಪಾಯವನ್ನು ಬಿಡಿಸಿ ಹೇಳುವುದು ನನ್ನ ಉದ್ದೇಶ.

ಕಾಡತೂಸಿಗೆ ನಾಲ್ಕು ಅಂಗಗಳು: ಹಿತ್ತಾಳೆಯ ಕವಚ, ಅದರ ತಳದಲ್ಲಿ ಕೇಪು, ಒಳಗೆ ಮದ್ದು, ಬಾಯಲ್ಲಿ ಗುಂಡು. ಕುದುರೆ ಬಡಿದಾಗ ಕೇಪು ಕಿಡಿಯಾಗುತ್ತದೆ; ಮದ್ದು ಉರಿದು ಅನಿಲವಾಗುತ್ತದೆ; ಅನಿಲದ ಒತ್ತಡ ಗುಂಡನ್ನು ನಳಿಗೆಗೆ ದೂಡುತ್ತದೆ. ಅದೇ ಒತ್ತಡ ಅದೇ ಕ್ಷಣದಲ್ಲಿ ಸುತ್ತಲಿನ ಉಕ್ಕನ್ನೂ ಹಿಗ್ಗಿಸಲು ಹವಣಿಸುತ್ತದೆ. ರಿವಾಲ್ವರಿನ ಉರುಳೆಯಲ್ಲಿ ಐದಾರು ಮನೆಗಳು ಒತ್ತೊತ್ತಾಗಿರುವುದರಿಂದ ಅವುಗಳ ಗೋಡೆ ತೆಳುವು. ನಡುವೆ ಮಡಚಿ ತೆರೆಯುವ ಹಳೆಯ ಮಾದರಿಗಳಲ್ಲಿ ಕೀಲು, ಚಿಲಕಗಳೂ ಆ ಏಟನ್ನು ತಾಳಬೇಕು.

ಇಂಥ ರಿವಾಲ್ವರುಗಳಲ್ಲಿ ಅನೇಕವು ಕರಿಮದ್ದಿನ ಯುಗದ ಕೂಸುಗಳು. ಬರ್ಮಿಂಗ್‌ಹ್ಯಾಮಿನ ವೆಬ್ಲಿ ರಿವಾಲ್ವರನ್ನು ಬ್ರಿಟಿಷ್ ಸೇನೆ 1887ರಲ್ಲಿ ಅಂಗೀಕರಿಸಿದಾಗ ಅದರ ಕಾಡತೂಸಿನಲ್ಲಿದ್ದುದು ಪೆಟ್ಲುಪ್ಪು, ಗಂಧಕ, ಇದ್ದಿಲುಗಳ ಕರಿಮದ್ದು. ಆದರೆ 1884ರಲ್ಲಿಯೇ ಫ್ರಾನ್ಸಿನ ವಿಯೇ ಎಂಬ ರಸಾಯನಶಾಸ್ತ್ರಜ್ಞ ಹೊಗೆಯಿಲ್ಲದ ಮದ್ದನ್ನು ಕಂಡುಹಿಡಿದಿದ್ದ. 1889ರಲ್ಲಿ ಇಂಗ್ಲೆಂಡಿನಲ್ಲಿ ಕಾರ್ಡೈಟ್ ಬಂತು. ಹೊಸ ಮದ್ದಿಗೆ ಅಷ್ಟು ಜಾಗ ಬೇಡವಾದುದರಿಂದ ವೆಬ್ಲಿಯ ಕವಚವನ್ನೇ ಮುಂದೆ ಗಿಡ್ಡಗೊಳಿಸಿದರು.

ಅಪಾಯದ ಬೀಜವಿರುವುದು ಇಲ್ಲಿಯೇ. ಕರಿಮದ್ದು ಕವಚವನ್ನು ಬಹುಮಟ್ಟಿಗೆ ತುಂಬಿಬಿಡುತ್ತದೆ. ಎರಡು ಸಲ ಸುರಿಯಲು ಸ್ಥಳವೇ ಇರದು. ಹೊಗೆಯಿಲ್ಲದ ಮದ್ದಾದರೋ ಚಿಟಿಕೆಯಷ್ಟೇ ಸಾಕು. ಮರೆತು ಮತ್ತೊಮ್ಮೆ ಹಾಕಿದರೂ ಕವಚ ತುಂಬಿತೆಂದು ಕಣ್ಣಿಗೆ ತೋರದು. ಕಡಿಮೆಯಾದರೂ ಕೇಡೇ: ಗುಂಡು ನಳಿಗೆಯ ನಡುವೆ ಸಿಕ್ಕಿಕೊಳ್ಳುತ್ತದೆ, ಅದರ ಹಿಂದೆ ಹಾರಿಸಿದ ಎರಡನೆಯ ಗುಂಡು ನಳಿಗೆಯನ್ನು ಉಬ್ಬಿಸುತ್ತದೆ ಅಥವಾ ಸೀಳುತ್ತದೆ. ಕೆಲವು ಹಳೆಯ ಕೇಪುಗಳಲ್ಲಿದ್ದ ಪಾದರಸ ಹಿತ್ತಾಳೆಯನ್ನು ಹಪ್ಪಳದಂತೆ ಮುರುಕು ಮಾಡುತ್ತದೆ. ಹೊರಗಿನ ಹೊಳಪು ಒಳಗಿನ ಈ ದೌರ್ಬಲ್ಯವನ್ನು ಹೇಳುವುದಿಲ್ಲ.

ಮನೆಯೊಳಗೆ ಕೂತಿತು ಎಂದಮಾತ್ರಕ್ಕೆ ಕಾಡತೂಸು ಹೊಂದಿತೆಂದಲ್ಲ. ಎರಡನೆಯ ಮಹಾಯುದ್ಧದ ನಂತರ ಅಮೆರಿಕದಲ್ಲಿ ಅನೇಕ ವೆಬ್ಲಿಗಳ ಉರುಳೆಯ ಹಿಂಬದಿಯನ್ನು ಕೆತ್ತಿ, ಅಲ್ಲಿ ಸುಲಭವಾಗಿ ಸಿಗುತ್ತಿದ್ದ .45 ಪಿಸ್ತೂಲಿನ ಕಾಡತೂಸು ಹಿಡಿಯುವಂತೆ ಮಾಡಿದರು. ವೆಬ್ಲಿಯ ಸ್ವಂತ ಕಾಡತೂಸಿನ ಒತ್ತಡ ಚದರ ಅಂಗುಲಕ್ಕೆ ಸುಮಾರು 13,000 ಪೌಂಡು. ಇನ್ನೊಂದರ ಮಿತಿ 21,000. ಈ ಅಂತರವನ್ನು ತಾಳಲಾರದೆ ಹಾಳಾದ ರಿವಾಲ್ವರುಗಳುಂಟು.

ಕಾನೂನು ಅನುಮತಿಸುವ ದೇಶಗಳಲ್ಲಿ ಈ ಕೆಲಸ ಮಾಡುವವರ ಶಿಸ್ತನ್ನು ನೋಡಿದರೆ ಅದು ಎಷ್ಟು ನಾಜೂಕಿನದೆಂದು ತಿಳಿಯುತ್ತದೆ. ಮೇಜಿನ ಮೇಲೆ ಒಂದೇ ಬಗೆಯ ಮದ್ದು, ಮದ್ದು ತಯಾರಿಸಿದವರೇ ಅಚ್ಚುಹಾಕಿಸಿದ ಕೋಷ್ಟಕ, ಅದರ ಕನಿಷ್ಠದಿಂದಲೇ ಆರಂಭ, ನಿಖರವಾದ ತಕ್ಕಡಿ, ಗುಂಡು ಕೂರಿಸುವ ಮುನ್ನ ಪ್ರತಿ ಕವಚದೊಳಗೂ ದೀಪ ಹಿಡಿದು ನೋಟ. ಮೊದಲು ಆಯುಧವನ್ನು ಬಲ್ಲವರ ಕೈಯಲ್ಲಿ ಪರೀಕ್ಷೆ ಮಾಡಿಸುತ್ತಾರೆ. ನಳಿಗೆಯ ಮೇಲಿನ ಪರೀಕ್ಷೆಯ ಮುದ್ರೆಯನ್ನು ನಂಬಿ ಕೂಡುವಂತಿಲ್ಲ. ಆ ಮುದ್ರೆ ಅದು ಹೊಸದಿದ್ದಾಗಿನ ಬಲಕ್ಕೆ ಸಾಕ್ಷಿ, ಇಂದಿನದಕ್ಕಲ್ಲ.

ನಮ್ಮ ದೇಶದಲ್ಲಂತೂ ಮಾತು ಇನ್ನೂ ನೇರವಾಗಿದೆ. 1959ರ ಶಸ್ತ್ರಾಸ್ತ್ರ ಕಾಯಿದೆಯ 5ನೆಯ ಕಲಮು ಪರವಾನಿಗೆಯಿಲ್ಲದೆ ಮದ್ದುಗುಂಡು ತಯಾರಿಸುವುದನ್ನು ನಿಷೇಧಿಸುತ್ತದೆ. 2019ರ ತಿದ್ದುಪಡಿಯ ನಂತರ ಆ ಅಪರಾಧಕ್ಕೆ ಕನಿಷ್ಠ 7 ವರ್ಷ, ಹೆಚ್ಚೆಂದರೆ ಜೀವಾವಧಿ ಸೆರೆವಾಸ. ರಿವಾಲ್ವರನ್ನು ಇಟ್ಟುಕೊಳ್ಳುವ ಪರವಾನಿಗೆಯೇ ಕಾಡತೂಸು ತಯಾರಿಸುವ ಪರವಾನಿಗೆಯೆಂದು ಯಾರೂ ಭಾವಿಸಲಾಗದು.

ಪರವಾನಿಗೆ ಪಡೆದ ಹಿರಿಯರು ತೀರಿಕೊಂಡರೆ ಆ ಹಕ್ಕು ಮಕ್ಕಳಿಗೆ ತಾನಾಗಿ ಇಳಿದುಬರುವುದಿಲ್ಲ. 21ನೆಯ ಕಲಮಿನಂತೆ ಆಯುಧವನ್ನೂ ಉಳಿದ ಕಾಡತೂಸುಗಳನ್ನೂ ತಡಮಾಡದೆ ಸಮೀಪದ ಪೊಲೀಸ್ ಠಾಣೆಯಲ್ಲಿ, ಇಲ್ಲವೆ ಪರವಾನಿಗೆಯುಳ್ಳ ವ್ಯಾಪಾರಿಯಲ್ಲಿ ಇರಿಸಬೇಕು. ವಾರಸುದಾರರು ಬೇಕಾದರೆ ತಮ್ಮ ಹೆಸರಿಗೆ ಅರ್ಜಿ ಸಲ್ಲಿಸಬಹುದು. ಉರುಳೆಯಲ್ಲಿ ಕಾಡತೂಸು ಇದೆಯೋ ಇಲ್ಲವೋ ತಿಳಿಯದಿದ್ದರೆ ಕೈ ಹಾಕದೆ ಠಾಣೆಗೆ ತಿಳಿಸುವುದು ಲೇಸು.

ಹಿರಿಯರ ವಸ್ತುವಿನ ಮೇಲಿನ ಅಭಿಮಾನ ದೊಡ್ಡದು, ನಿಜ. ಆದರೆ ಮೊಮ್ಮಗನ ಕೈಬೆರಳು, ಕಣ್ಣು ಅದಕ್ಕಿಂತ ದೊಡ್ಡವು. ಹಾರದೆ ಉಳಿದ ರಿವಾಲ್ವರಿನಿಂದ ಅಜ್ಜನ ಹೆಸರಿಗೆ ಯಾವ ಕುಂದೂ ಬಾರದು.