ಸುಮ್ಮನಾದ ಸೆನ್ಸರ್, ಸುಳ್ಳು ಹೇಳಿದ ಸೆನ್ಸರ್

ಹಾರುತ್ತಿರುವ ವಿಮಾನದ ಎಂಜಿನ್‌ನಲ್ಲಿ ಬಿಸಿ ಅಳೆಯುವ ಸೆನ್ಸರ್‌ನ ವೈರ್ ಕಿತ್ತುಹೋಯ್ತು ಅಂತಿಟ್ಟುಕೊಳ್ಳಿ. ಪೈಲಟ್‌ಗೆ ಗೊತ್ತಾಗೋದು ಹೇಗೆ? ಮೀಟರ್ ಸೊನ್ನೆಗೆ ಬರುತ್ತೆ, ಅಷ್ಟೇ ತಾನೆ ಅಂತೀರಿ. ಅಷ್ಟು ಸುಲಭ ಇಲ್ಲ. ಥರ್ಮೋಕಪಲ್ ಕೊಡೋದು ಕೆಲವೇ ಮಿಲಿವೋಲ್ಟ್. ವೈರ್ ತುಂಡಾದರೆ ಮೀಟರ್ ಯಾವುದೋ ಒಂದು ಅಂಕಿ ತೋರಿಸುತ್ತಾ ಕೂರಬಹುದು, ನಾವು ಅದನ್ನೇ ನಿಜ ಅಂತ ನಂಬಬಹುದು.

ಇದಕ್ಕೊಂದು ಚಂದದ ಉಪಾಯ ಇದೆ. ಮಾನಿಟರ್ ಆ ವೈರ್‌ನೊಳಗೆ ತೀರಾ ಸಣ್ಣ ಕರೆಂಟ್ ಹರಿಸುತ್ತಿರುತ್ತೆ. ವೈರ್ ಸರಿಯಿದ್ದರೆ ಅಳತೆಗೆ ಏನೂ ವ್ಯತ್ಯಾಸ ಇಲ್ಲ. ತುಂಡಾಯ್ತೋ, ರೀಡಿಂಗ್ ನೇರ ಅಳತೆಪಟ್ಟಿಯ ಆಚೆಗೇ ಹಾರುತ್ತೆ. ಅಷ್ಟು ಬಿಸಿಯಾಗುವ ಎಂಜಿನ್ನೇ ಇಲ್ಲ, ಹಾಗಾಗಿ ಇದು ವೈರ್‌ನ ಸಮಸ್ಯೆ ಅಂತ ಕಂಪ್ಯೂಟರ್ ತೀರ್ಮಾನಿಸಿ, ಅಂಕಿಯ ಜಾಗದಲ್ಲಿ ಅಡ್ಡಗೆರೆಯೋ ಇಂಟು ಗುರುತೋ ಹಾಕಿಬಿಡುತ್ತೆ. ಕನೆಕ್ಷನ್ ಸಡಿಲವಾಗಿದ್ದರೂ ಸಿಕ್ಕಿಬೀಳುತ್ತೆ. ಕಣ್ಣು ಮಿಟುಕಿಸುವಷ್ಟರಲ್ಲಿ ಮುನ್ನೂರು ಡಿಗ್ರಿ ಏರಿ ಮತ್ತೆ ಇಳಿಯೋದು ಲೋಹದ ಗುಣವಲ್ಲ.

ಬಾಯಿ ಮುಚ್ಚಿದ ಸೆನ್ಸರ್ ಕಥೆ ಇದು. ನಂಬುವ ಹಾಗೆ ಸುಳ್ಳು ಹೇಳುವ ಸೆನ್ಸರ್ ಬಂದರೆ?

1982ರ ಜನವರಿ 13. ವಾಷಿಂಗ್ಟನ್‌ನಲ್ಲಿ ಹಿಮ ಸುರಿಯುತ್ತಿತ್ತು. ಏರ್ ಫ್ಲೋರಿಡಾದ ಬೋಯಿಂಗ್ 737 ಟೇಕಾಫ್‌ಗೆ ಹೊರಟಿತು. ಆ ಎಂಜಿನ್‌ನ ಬಲವನ್ನು ಪೈಲಟ್‌ಗಳು ನೋಡುತ್ತಿದ್ದದ್ದು ಇಪಿಆರ್ ಅನ್ನುವ ಮೀಟರ್‌ನಲ್ಲಿ. ಎಂಜಿನ್‌ನ ಹಿಂದಿನ ಗಾಳಿಯ ಒತ್ತಡವನ್ನು ಮುಂದಿನ ಒತ್ತಡದಿಂದ ಭಾಗಿಸಿದ ಲೆಕ್ಕ ಅದು. ಎಂಜಿನ್‌ನ ಹಿಮ ಕರಗಿಸುವ ವ್ಯವಸ್ಥೆಯನ್ನು ಆನ್ ಮಾಡಿರಲಿಲ್ಲ. ಮುಂದಿನ ಕೊಳವೆಯ ಬಾಯಿಗೆ ಹಿಮಗಡ್ಡೆ ಕಟ್ಟಿತು, ಮುಂದಿನ ಒತ್ತಡ ಕಡಿಮೆ ಅಂತ ಅಳತೆ ಬಂತು, ಭಾಗಲಬ್ಧ ಏರಿಬಿಟ್ಟಿತು. ಮೀಟರ್‌ನಲ್ಲಿ 2.04, ನಿಜವಾಗಿ ಇದ್ದದ್ದು ಸುಮಾರು 1.70. ಎರಡೂ ಎಂಜಿನ್‌ಗಳದ್ದು ಒಂದೇ ಸುಳ್ಳು!

ಪಕ್ಕದಲ್ಲೇ ಇದ್ದ ಬೇರೆ ಮೀಟರ್‌ಗಳು, ಅಂದರೆ ಎಂಜಿನ್ ತಿರುಗುವ ವೇಗ, ಬಿಸಿ, ಇಂಧನದ ಹರಿವು, ಎಲ್ಲವೂ ಕಡಿಮೆಯನ್ನೇ ತೋರಿಸುತ್ತಿದ್ದವು. ಇದು ಸರಿಯಿಲ್ಲ ಅಂತ ಸಹ ಪೈಲಟ್ ಮತ್ತೆ ಮತ್ತೆ ಹೇಳಿದರು. ಕ್ಯಾಪ್ಟನ್ ಟೇಕಾಫ್ ನಿಲ್ಲಿಸಲಿಲ್ಲ. ರೆಕ್ಕೆಯ ಮೇಲೆ ಹಿಮ, ಎಂಜಿನ್‌ನಲ್ಲಿ ಬಲವಿಲ್ಲ. ವಿಮಾನ ಸೇತುವೆಗೆ ಬಡಿದು ಪೊಟೊಮ್ಯಾಕ್ ನದಿಗೆ ಬಿತ್ತು. ವಿಮಾನದಲ್ಲಿದ್ದ 79 ಜನರಲ್ಲಿ ಬದುಕಿದ್ದು ಐವರು. ಸೇತುವೆ ಮೇಲಿದ್ದ ನಾಲ್ವರೂ ಸತ್ತರು. ಅವರಿಗೂ ಸೆನ್ಸರ್‌ಗೂ ಏನು ಸಂಬಂಧ ಹೇಳಿ!

ಅಂದು ಸಹ ಪೈಲಟ್ ಕಣ್ಣಿನಿಂದ ಮಾಡಿದ ಕೆಲಸವನ್ನೇ ಇವತ್ತು ಫ್ಯಾಡೆಕ್ ಅನ್ನುವ ಎಂಜಿನ್ ಕಂಪ್ಯೂಟರ್ ಸೆಕೆಂಡಿಗೆ ಹಲವು ಬಾರಿ ಮಾಡುತ್ತೆ. ಅದರಲ್ಲಿ ಎರಡು ಚಾನೆಲ್. ಮುಖ್ಯ ಅಳತೆಗಳಿಗೆ ಎರಡಕ್ಕೂ ಬೇರೆಬೇರೆ ಸೆನ್ಸರ್. ಎರಡರ ಮಾತು ಹೊಂದದಿದ್ದರೆ ಯಾರು ಸರಿ? ಉಳಿದ ಅಳತೆಗಳಿಂದ ಕಂಪ್ಯೂಟರ್ ತಾನೇ ಒಂದು ಅಂದಾಜು ಕಟ್ಟಿ, ಅದಕ್ಕೆ ಹತ್ತಿರ ಇರುವವರನ್ನು ನಂಬುತ್ತೆ. ಏರ್‌ಬಸ್ ಎ320ರ ವಿ2500 ಎಂಜಿನ್‌ನಲ್ಲಿ ಇಪಿಆರ್ ಅಳತೆಯೇ ಕೈಕೊಟ್ಟರೆ, ಅದನ್ನು ಬಿಟ್ಟು ಫ್ಯಾನ್ ತಿರುಗುವ ವೇಗದ ಲೆಕ್ಕದಲ್ಲೇ ಎಂಜಿನ್ ನಡೆಯುತ್ತೆ.