ಬ್ಯಾಂಕ್ ಪರೀಕ್ಷೆ: ಕನ್ನಡದಲ್ಲಿ ಬರೆದರೂ ಇಂಗ್ಲಿಷ್ ತಪ್ಪದು

ಮಂಗಳೂರು: ಕೆನರಾ ಬ್ಯಾಂಕ್ (1906), ಕರ್ನಾಟಕ ಬ್ಯಾಂಕ್ (1924), ವಿಜಯಾ ಬ್ಯಾಂಕ್ (1931) ಜನ್ಮ ತಾಳಿದ ನಗರವಿದು. ಆದರೂ ಇಲ್ಲಿನ ಪದವೀಧರರು ಸರಕಾರಿ ಸ್ವಾಮ್ಯದ ಹೆಚ್ಚಿನ ಬ್ಯಾಂಕುಗಳಲ್ಲಿ ಗುಮಾಸ್ತರಾಗಬೇಕಾದರೆ ಐಬಿಪಿಎಸ್ ನಡೆಸುವ ಸಾಮಾನ್ಯ ಪರೀಕ್ಷೆಯನ್ನೇ ದಾಟಬೇಕು. ಈ ಪರೀಕ್ಷೆಯನ್ನು ಕನ್ನಡ ಸಹಿತ 13 ಪ್ರಾದೇಶಿಕ ಭಾಷೆಗಳಲ್ಲೂ ನಡೆಸುವ ನಿರ್ಧಾರವನ್ನು ಕೇಂದ್ರ ಹಣಕಾಸು ಸಚಿವಾಲಯ 2021ರಲ್ಲಿ ಪ್ರಕಟಿಸಿತು. ಇಂಗ್ಲಿಷ್ ವಿಭಾಗಕ್ಕೆ ಮಾತ್ರ ವಿನಾಯಿತಿಯಿಲ್ಲ. ಪೂರ್ವಭಾವಿ ಪರೀಕ್ಷೆಯ 100 ಪ್ರಶ್ನೆಗಳಲ್ಲಿ 30 ಅದರವು. ಸಮಯ 20 ನಿಮಿಷ, ಅಂದರೆ ಪ್ರಶ್ನೆಯೊಂದಕ್ಕೆ 40 ಸೆಕೆಂಡು.

ಕನ್ನಡ ಮಾಧ್ಯಮದವರು ಎಡವುವುದು ಹೆಚ್ಚಾಗಿ ಸಣ್ಣ ಪದಗಳಲ್ಲಿ. 'ವಿಷಯದ ಬಗ್ಗೆ ಚರ್ಚಿಸಿ' ಎಂಬ ರೂಢಿಯಿಂದ 'ಡಿಸ್ಕಸ್' ಮುಂದೆ 'ಅಬೌಟ್' ತಾನಾಗಿ ಬಂದು ಕೂರುತ್ತದೆ. ಇಂಗ್ಲಿಷ್‌ನಲ್ಲಿ ಅದು ತಪ್ಪು. ಇಂತಹ ತಪ್ಪುಗಳನ್ನು ನಿತ್ಯ ಪಟ್ಟಿ ಮಾಡಿಕೊಳ್ಳುವುದು ನಿಯಮಗಳ ಉರು ಹೊಡೆಯುವುದಕ್ಕಿಂತ ಫಲಕಾರಿ.

ಸಾಮಾನ್ಯ ಜ್ಞಾನಕ್ಕೆ ಹಳೆಯ ಗೈಡ್‌ಗಳೇ ಶತ್ರು. ವಿಜಯಾ ಬ್ಯಾಂಕ್ 2019ರ ಎಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡದಲ್ಲಿ ವಿಲೀನಗೊಂಡಿತು. ಮಂಗಳೂರಿನಲ್ಲೇ ಪ್ರಧಾನ ಕಚೇರಿಯಿದ್ದ ಕಾರ್ಪೊರೇಶನ್ ಬ್ಯಾಂಕ್ ಮರುವರ್ಷ ಅದೇ ದಿನ ಯೂನಿಯನ್ ಬ್ಯಾಂಕನ್ನು ಸೇರಿತು, ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ ಕೆನರಾದೊಳಗೆ ಕರಗಿತು. ಊರಿನವರಿಗೇ ಈ ಪ್ರಶ್ನೆ ತಪ್ಪಿದರೆ ಅದಕ್ಕಿಂತ ವಿಷಾದವಿಲ್ಲ.

ತಪ್ಪು ಉತ್ತರಕ್ಕೆ ಕಾಲು ಅಂಕ ಕಡಿತವಿದೆ. ಐದು ಆಯ್ಕೆಗಳಲ್ಲಿ ಕಣ್ಣು ಮುಚ್ಚಿ ಊಹಿಸಿದರೆ ಸರಾಸರಿ ಲಾಭವೂ ಇಲ್ಲ, ನಷ್ಟವೂ ಇಲ್ಲ. ಎರಡು ಆಯ್ಕೆಗಳನ್ನು ಖಚಿತವಾಗಿ ತಳ್ಳಿಹಾಕಬಲ್ಲವರು ಧೈರ್ಯವಾಗಿ ಉತ್ತರಿಸಬಹುದು.